ದೀಪ ಹಚ್ಚಿದ ಮೇಲೆ ಕೇಳಿದ ಪ್ರಶ್ನೆ

ಹೋದ ವಾರ ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವಾಗ ಐಮಂಗಲದ ಹತ್ತಿರ ಬಸ್ಸು ಪಂಕ್ಚರ್ ಆಗಿ ನಿಂತಿತು. ಕೆಳಗಿಳಿದರೆ ರಸ್ತೆ ಪಕ್ಕದ ಹೊಲದಲ್ಲಿ ಈರುಳ್ಳಿ ಕಿತ್ತು ಗುಡ್ಡೆ ಹಾಕಿದ್ದರು. ಕೊಯ್ದು ಬಿಸಾಕಿದ ಈರುಳ್ಳಿ ಸೊಪ್ಪು ಬಿಸಿಲಿಗೆ ಬಾಡುವಾಗ ಒಂದು ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿಯಿತು. ನನಗೆ ಮೊದಲು ಬಂದದ್ದು ಸಿಟ್ಟು, ನೆನಪು ಆಮೇಲೆ ಬಂತು. ಆರು ವರ್ಷದ ಹಿಂದಿನ ಸಿಟ್ಟು ಅದು. ಆರಿರಬೇಕು ಅಂದುಕೊಂಡಿದ್ದೆ, ಎಲ್ಲಿ ಆರುತ್ತೆ.

ಆ ವರ್ಷ ನಾನು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಚಿತ್ರದುರ್ಗದ ಒಂದು ಟ್ರಸ್ಟಿನಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದೆ. ಹಳ್ಳಿಗೊಂದು ಆರೋಗ್ಯದ ಕೋಣೆ ಮಾಡುವುದು ಆ ಟ್ರಸ್ಟಿನ ಯೋಜನೆ. ಬಿ.ಪಿ. ನೋಡುವ ಮೆಷಿನ್ನು, ಶುಗರ್ ಟೆಸ್ಟು, ಬಸುರಿಯರ ತೂಕ, ವಾರಕ್ಕೆ ನಾಲ್ಕು ದಿನ ಒಬ್ಬ ನರ್ಸು. ಒಂದು ಊರಿಗೆ ಒಂದೇ ಕೋಣೆ. ಅದನ್ನ ಯಾವ ಬೀದಿಯಲ್ಲಿ ಮಾಡಬೇಕು ಅಂತ ಗೌಡರನ್ನೋ ಮೆಂಬರನ್ನೋ ಕೇಳುವ ಬದಲು ಲೆಕ್ಕವನ್ನೇ ಕೇಳೋಣ ಅಂತ ಅವರ ಆಲೋಚನೆ. ಒಳ್ಳೇ ಆಲೋಚನೆ, ಈಗಲೂ ಹಾಗೇ ಅಂತೀನಿ. ಪ್ರತಿ ಮನೆಯೂ ಒಂದು ಚುಕ್ಕೆ. ಒಂದು ಮನೆಯ ಹೆಂಗಸು ಇನ್ನೊಂದು ಮನೆಗೆ ಕೊಡೋ ತರೋ ವ್ಯವಹಾರಕ್ಕೆ ಹೋದರೆ ಆ ಎರಡು ಚುಕ್ಕೆ ನಡುವೆ ಒಂದು ಗೆರೆ. ಊರೆಲ್ಲ ಕೇಳಿ ಬರೆದಾದ ಮೇಲೆ ಗೆರೆಗಳು ಎಲ್ಲಿ ಒತ್ತಾಗಿವೆಯೋ ಅಲ್ಲಿ ಕೋಣೆ. ಅಲ್ಲಿ ಒಬ್ಬಳಿಗೆ ಹೇಳಿದ ಮಾತು ಸಂಜೆಯೊಳಗೆ ನಲವತ್ತು ಮನೆ ಮುಟ್ಟುತ್ತೆ.

ಬೆಂಗಳೂರಿಂದ ಬಂದ ಫಾರಂನಲ್ಲಿ, ನೀವು ಯಾರೊಂದಿಗೆ ಹೆಚ್ಚಾಗಿ ಸಂವಹನ ನಡೆಸುತ್ತೀರಿ ಅಂತ ಇತ್ತು. ಓದಿ ನಕ್ಕುಬಿಟ್ಟೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆ ಕೂಲಿ ಮಾಡೋ ಅವ್ವನ ಮಗಳು ನಾನು. ನಮ್ಮ ಕಡೆ ಹೆಂಗಸರ ನಂಟು ಎಲ್ಲಿ ಓಡಾಡುತ್ತೆ ಅಂತ ನನಗೆ ಗೊತ್ತಿಲ್ವಾ? ಆ ಪ್ರಶ್ನೆ ಹೊಡೆದುಹಾಕಿ ನಾನೇ ಬರೆದೆ: ಹೆಪ್ಪು, ಉಪ್ಪು, ಸೂಜಿ ಬೇಕಾದ್ರೆ ಯಾರ ಮನೆಗೆ ಹೋಗ್ತೀರಿ? ನಿಮ್ಮ ಮನೆಯಿಂದ ಯಾರು ಒಯ್ತಾರೆ? ಹಾಲಿಗೆ ಹಾಕೋಕೆ ಒಂದು ಚಮಚ ಮೊಸರು, ಅದು ಹೆಪ್ಪು. ಅದನ್ನ ಕೇಳೋಕೆ ಹೋಗುವ ಮನೆಗಿಂತ ಹತ್ತಿರದ ಮನೆ ಹೆಂಗಸಿಗೆ ಇರಲ್ಲ. ನಮ್ಮ ಪ್ರಾಜೆಕ್ಟಿನ ಮುಖ್ಯಸ್ಥರು ಮುರಳಿ ಸಾರ್ ಓದಿ, 'ರತ್ನ, ಇದು ಬ್ಯೂಟಿಫುಲ್' ಅಂದರು. ನನ್ನ ತಲೆ ಮೇಲೆ ಎರಡು ಕೋಡು ಮೂಡಿದವು.

ಮೊದಲು ಹಿಡಿದದ್ದು ಐಮಂಗಲದಿಂದ ಒಳಕ್ಕೆ ಹೋಗುವ ಒಂದು ಊರು. ಹೆಸರು ಬೇಡ. ಅಲ್ಲಿ ಮೇಲಿನ ಬೀದಿ ಅಂತ ಒಂದು, ಊರಾಚೆ ಹೊಸ ಪ್ಲಾಟು ಅಂತ ಇನ್ನೊಂದು. ಪ್ಲಾಟಿನವರೆಲ್ಲ ಕೂಲಿಗೆ ಹೋಗುವವರು. ಆ ವರ್ಷ ಈರುಳ್ಳಿ ಕೀಳೋ ಹೊತ್ತಿಗೇ ದಿನಾ ಮೋಡ ಕಟ್ಟುತ್ತಿತ್ತು. ಕಿತ್ತ ಗಡ್ಡೆ ಮೇಲೆ ಮಳೆ ಬಿದ್ದರೆ ಕೊಳೆತೇ ಹೋಯಿತು. ಹಾಗಾಗಿ ಹೊಲದವರು ಬೆಳಕು ಹರಿಯೋ ಮುಂಚೆ ಟೆಂಪೋ ಕಳಿಸೋರು, ಹೆಂಗಸರು ಕತ್ತಲಾಗೋ ಹೊತ್ತಿಗೆ ಮನೆ ಮುಟ್ಟೋರು. ಹಗಲಲ್ಲಿ ಪ್ಲಾಟಿನಲ್ಲಿ ಬಾಣಂತಿಯರು, ಮುದುಕಿಯರು, ಜ್ವರ ಬಂದು ಮಲಗಿದೋರು, ಇಷ್ಟೇ. ಅದಕ್ಕೇ ನಾನು ಟೈಮ್‌ಟೇಬಲ್ ಹಾಕಿದೆ: ಮೇಲಿನ ಬೀದಿಗೆ ಬೆಳಿಗ್ಗೆ, ಪ್ಲಾಟಿಗೆ ಸಂಜೆ. ಹಗಲು ಮನೆಯಲ್ಲಿದ್ದ ಆ ನಾಲ್ಕಾರು ಜನರನ್ನ ಮಾತ್ರ ಬೆಳಿಗ್ಗೆಯೇ ಕೇಳಿಬಿಟ್ಟೆವು. ಅದೇ ಫಾರಂ, ಅದೇ ಟೈಮ್‌ಟೇಬಲ್ ಹೊಸದುರ್ಗಕ್ಕೂ ಹೋಯಿತು, ಹೊಳಲ್ಕೆರೆಗೂ ಹೋಯಿತು.

ಕರಿಯಮ್ಮನ್ನ ನಾನು ನೋಡಿದ್ದು ಹಾಗೆ ಒಂದು ಸಂಜೆ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಪ್ಲಾಟಿನ ಕೂಲಿ ಗುಂಪಿಗೆ ಅವಳೇ ಮುಂದಾಳು. ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು, ಕೈಯಿಂದ ಈರುಳ್ಳಿ ವಾಸನೆ ಇನ್ನೂ ಹೋಗಿರಲಿಲ್ಲ. 'ಬರ್ರಿ, ಕುಂತ್ಕಳ್ರಿ' ಅಂತ ಚಾಪೆ ಹಾಕಿದಳು. ಕೇಳಿದೆ. ಹೆಪ್ಪು ಯಾರ ಮನೆಯಿಂದ?

'ಯಾರ ಮನೆಯಿಂದಾನೂ ಇಲ್ಲ ಕಣವ್ವ.'

'ನಿಮ್ಮ ಮನೆಯಿಂದ ಯಾರಾದ್ರೂ ಒಯ್ತಾರಾ?'

'ಯಾರೂ ಇಲ್ಲ.'

ಉಪ್ಪು, ಸೂಜಿ, ಎಲ್ಲಕ್ಕೂ ಅದೇ ಉತ್ತರ. ಅವಳ ಪಕ್ಕದ ಮನೆಯಲ್ಲೂ ಅದೇ, ಅದರಾಚೆ ಮನೆಯಲ್ಲೂ ಅದೇ. ನಾನು ಮನೆಗೊಂದು ಚುಕ್ಕೆ ಇಟ್ಟು ಬರೆದುಕೊಂಡು ಬಂದೆ, ಪ್ಲಾಟಿನವರು ನನಗೆ ಚುಕ್ಕೆ ಮೇಡಮ್ಮ ಅಂತಲೇ ಹೆಸರಿಟ್ಟರು.

ಆಫೀಸಲ್ಲಿ ಚಿತ್ರ ಬಿಡಿಸಿದೆ. ಮೇಲಿನ ಬೀದಿಯಲ್ಲಿ ಗೆರೆಗಳು ಗಿಜಿಗಿಜಿ. ಪ್ಲಾಟಿನಲ್ಲಿ ಒಂಟಿ ಚುಕ್ಕೆಗಳು, ಅಲ್ಲೊಂದು ಇಲ್ಲೊಂದು ಗೆರೆ. ಮುರಳಿ ಸಾರ್‌ಗೆ ಖುಷಿಯೋ ಖುಷಿ. ಕೂಲಿ ಜನ, ಬೇರೆ ಬೇರೆ ಊರಿಂದ ಬಂದು ಸೇರಿದವರು, ಒಗ್ಗಟ್ಟಿಲ್ಲ, ನೋಡು ಎಷ್ಟು ಸ್ಪಷ್ಟವಾಗಿ ಬಂದಿದೆ ಅಂದರು. ಕೋಣೆ ಮೇಲಿನ ಬೀದಿಗೆ ಅಂತ ಆಯಿತು. ವರದಿಗೆ ಒಂದು ವಾಕ್ಯ ಹೇಳಿ ಬರೆಸಿದರು: ಹೊಸ ಪ್ಲಾಟಿನ ಮಹಿಳೆಯರಲ್ಲಿ ಪರಸ್ಪರ ಒಡನಾಟ ಕಂಡುಬರುವುದಿಲ್ಲ. ಟೈಪ್ ಮಾಡಿದವಳು ನಾನೇ. ಮನಸ್ಸಿಗೆ ಕಸಿವಿಸಿ ಆಯಿತು, ಆದರೂ ಅಂಕಿ ಹೇಳುತ್ತಲ್ಲ ಅಂತ ಸುಮ್ಮನಾದೆ. ಓದಿದ ಕತ್ತೆಗೆ ಎರಡು ಲದ್ದಿ ಜಾಸ್ತಿ ಅಂತ ನಮ್ಮವ್ವ ಅಂತಿದ್ದದ್ದು ಸುಳ್ಳಲ್ಲ.

ಒಂದು ಫಾರಂನಲ್ಲಿ ಕರಿಯಮ್ಮನ ಹೆಬ್ಬೆಟ್ಟು ಬಿಟ್ಟುಹೋಗಿತ್ತು. ಅದನ್ನ ಹಾಕಿಸಿಕೊಳ್ಳೋಕೆ ಮಧ್ಯಾಹ್ನ ಅವರು ಕೆಲಸ ಮಾಡುತ್ತಿದ್ದ ಹೊಲಕ್ಕೇ ಹೋದೆ. ಊಟದ ಹೊತ್ತು. ಬೇವಿನ ಮರದ ಕೆಳಗೆ ಸಾಲಾಗಿ ಕೂತು ಬುತ್ತಿ ಬಿಚ್ಚಿದ್ದರು. ಒಬ್ಬಳ ಮುದ್ದೆ ಇನ್ನೊಬ್ಬಳ ಡಬ್ಬಿಗೆ, ಇನ್ನೊಬ್ಬಳ ಚಟ್ನಿ ಮೂರನೆಯವಳ ಕೈಗೆ. ಒಬ್ಬಳು ಮೊಸರನ್ನ ಬಾಯಿಗಿಟ್ಟುಕೊಂಡು, 'ಕರಿಯಕ್ಕ, ನಿನ್ನ ಹೆಪ್ಪು ಗಟ್ಟಿ ಕುಂತೈತೆ ಇವತ್ತು' ಅಂದಳು. ಆಚೆ ತುದಿಯಿಂದ ಇನ್ನೊಬ್ಬಳು, 'ನಮ್ಮನೇದೂ ಕರಿಯಕ್ಕನ ಹೆಪ್ಪೇ, ಹುಳಿ ಬಂದೈತೆ, ಗಟ್ಟಿ ಕುಂತಿದ್ದು ನಿನ್ನ ಕೈಗುಣ ಕಣೇ' ಅಂತ ಮೊದಲನೆಯವಳನ್ನ ಛೇಡಿಸಿದಳು.

'ಕರಿಯಮ್ಮ, ಮೊನ್ನೆ ಕೇಳಿದಾಗ ಯಾರಿಗೂ ಕೊಡಲ್ಲ ಅಂದ್ರಲ್ಲ?'

ಅವಳು ನನ್ನ ಮುಖವನ್ನ ಅಯ್ಯೋ ಪಾಪ ಅನ್ನೋ ಹಾಗೆ ನೋಡಿದಳು. 'ಚುಕ್ಕೆ ಮೇಡಮ್ಮ, ದೀಪ ಹಚ್ಚಿದ ಮ್ಯಾಲೆ ಹೆಪ್ಪಿನ ಮಾತು ಎತ್ತಿದ್ದು ನೀನು. ಆ ಹೊತ್ನಾಗ ಮನಿ ಲಕ್ಷ್ಮೀನ ಆಚಿಗೆ ಕಳಿಸ್ತೀನಿ ಅಂತ ಬಾಯಿ ಬಿಟ್ಟು ಹೇಳ್ತಾರೇನು? ಹೆಣ್ಣುಮಗಳು, ಏನೋ ಬರ್ಕಂತಾಳೆ ಅಂತ ಇಲ್ಲ ಅಂದ್ವಿ. ಬೆಳಿಗ್ಗೆ ಕೇಳಿದ್ರೆ ಹೇಳ್ತಿದ್ವಲ್ಲ.'

ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನಿಸಿತು. ದೀಪ ಹಚ್ಚಿದ ಮೇಲೆ ಉಪ್ಪು, ಹೆಪ್ಪು, ಸೂಜಿ ಹೊಸ್ತಿಲು ದಾಟಬಾರದು, ಅದರ ಹೆಸರೂ ಎತ್ತಬಾರದು ಅನ್ನೋದು ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತು. ನನಗೂ ಗೊತ್ತು. ಬೆಂಗಳೂರಿನವರ ಆ ಪೆದ್ದು ಪ್ರಶ್ನೆಯನ್ನೇ ಕೇಳಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಇಲ್ಲಿಯವಳು ಅನ್ನೋ ಜಂಬದಲ್ಲಿ ಪ್ರಶ್ನೆ ಬರೆದವಳು ನಾನು, ಹೊತ್ತು ನೋಡದೆ ಕೇಳಿದವಳೂ ನಾನು.

ಅಲ್ಲಿಂದಲೇ ಅವ್ವನಿಗೆ ಫೋನ್ ಹಚ್ಚಿದೆ. ಹೇಳಿದೆ. ಆ ಕಡೆಯಿಂದ ನಗುವೇ ನಗು. 'ಲೇ ರತ್ನಿ, ನಮ್ಮ ಪ್ಲಾಟಿಗೂ ಬಂದಿದ್ರು ಕಣೇ ನಿಮ್ಮೋರು, ಕೋಳಿ ಗೂಡು ಸೇರೋ ಹೊತ್ನಾಗ. ಯಾವಳೋ ಬುದ್ಧಿ ಇಲ್ದೋಳು ಬರ್ದಿದ್ದಾಳೆ ಅಂತ ನಾನೂ ಇಲ್ಲ ಅಂದು ಕಳಿಸ್ದೆ.' ಆಫೀಸಿಗೆ ಬಂದು ಹೊಳಲ್ಕೆರೆ ಫೈಲು ತೆಗೆದೆ. ಮನೆ ನಂಬರ್ ನೋಡಿದೆ. ನಮ್ಮವ್ವ ಒಂಟಿ ಚುಕ್ಕೆ. ಮೂವತ್ತು ಮನೆಯ ಹಾಲಿಗೆ ಹೆಪ್ಪು ಕೊಡೋ ಹೆಂಗಸಿನ ಸುತ್ತ ಒಂದೂ ಗೆರೆ ಇಲ್ಲ. ಆವಾಗ ಬಂತು ನನಗೆ ಸಿಟ್ಟು, ಮೊದಲು ನನ್ನ ಮೇಲೆ.

ಮುರಳಿ ಸಾರ್ ಹತ್ತಿರ ಹೋಗಿ ಹೇಳಿದೆ. ಅವರು ದಡ್ಡರಲ್ಲ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. 'ಸಂಜೆ ಕೇಳಿದೋರೆಲ್ಲ ಪ್ಲಾಟಿನೋರು, ಬೆಳಿಗ್ಗೆ ಕೇಳಿದೋರು ಹೆಚ್ಚುಕಮ್ಮಿ ಎಲ್ಲ ಮೇಲಿನ ಬೀದಿಯೋರು. ಗೆರೆ ಇಲ್ಲದ್ದು ಹೊತ್ತಿನಿಂದಲೋ ಜನರಿಂದಲೋ, ಹೇಗೆ ಬೇರ್ಪಡಿಸ್ತೀಯ?'

ಒಂದು ಗೆರೆಗೆ ಎರಡು ತುದಿ ಸಾರ್ ಅಂದೆ. ನಾನು ಕೊಟ್ಟೆ ಅಂತ ಒಬ್ಬಳು ಹೇಳಬೇಕು, ನಾನು ತಂದೆ ಅಂತ ಇನ್ನೊಬ್ಬಳು ಹೇಳಬೇಕು. ಮೇಲಿನ ಬೀದಿಯಲ್ಲಿ ಎರಡೂ ತುದಿ ಹೆಚ್ಚುಕಮ್ಮಿ ಹೊಂದುತ್ತವೆ. ಪ್ಲಾಟಿನಲ್ಲಿ ಹಗಲು ಮನೆಯಲ್ಲಿದ್ದ ನಾಲ್ಕಾರು ಬಾಣಂತಿ ಮುದುಕಿಯರನ್ನ ಬೆಳಿಗ್ಗೆಯೇ ಕೇಳಿದ್ದೀವಿ. ಅವರು ಕರಿಯಮ್ಮನ ಮನೆ ಹೆಸರು ಹೇಳಿದ್ದಾರೆ, ಕರಿಯಮ್ಮ ಸಂಜೆ ಇಲ್ಲ ಅಂದಿದ್ದಾಳೆ. ಬಯಲಿನಲ್ಲಿ ಕುರಿ ಎಣಿಸೋಕೆ ಇಬ್ಬರನ್ನ ಬಿಟ್ಟರೆ, ಇಬ್ಬರ ಕಣ್ಣಿಗೂ ಬಿದ್ದದ್ದೆಷ್ಟು, ಒಬ್ಬರ ಕಣ್ಣಿಗೆ ಮಾತ್ರ ಬಿದ್ದದ್ದೆಷ್ಟು ಅಂತ ನೋಡಿ, ಯಾರ ಕಣ್ಣಿಗೂ ಬೀಳದೆ ಪೊದೆಯಲ್ಲಿ ಉಳಿದದ್ದೆಷ್ಟು ಅಂತ ಅಂದಾಜು ಮಾಡಬಹುದು. ಇಲ್ಲೂ ಹಾಗೇ. ಆ ಅಂದಾಜು ಹಾಕಿದರೆ ಪ್ಲಾಟು ಮೇಲಿನ ಬೀದಿಗಿಂತ ಒತ್ತಾಗಿದೆ.

'ನಾಲ್ಕಾರು ಜನರ ಮೇಲೆ ಊರು ಕಟ್ತೀಯ. ಹುಷಾರಿಲ್ದೆ ಮನೇಲಿದ್ದೋರು ಕೇಳಿ ತರ್ತಾರೆ, ಸಹಜ. ವರದಿ ಸೋಮವಾರ ಹೋಗಬೇಕು, ಮತ್ತೆ ಫೀಲ್ಡಿಗೆ ಅನುಮತಿ ಇಲ್ಲ.'

ಅನುಮತಿ ಯಾರಿಗೆ ಬೇಕಿತ್ತು. ಗುರುವಾರ, ಶುಕ್ರವಾರ ರಜೆ ಬರೆದಿಟ್ಟು ಹೊರಟೆ. ಕರಿಯಮ್ಮನಿಗೆ ಫೋನ್ ಮಾಡಿ ಅವಳ ಮನೆಯಲ್ಲೇ ಉಳಿದೆ. ಬೆಳಕು ಹರಿಯುವ ಮುಂಚೆ ಟೆಂಪೋ ಹತ್ತಿದೆ, ಅವರ ಜೊತೆ ನಿಂತುಕೊಂಡೇ ಒಬ್ಬೊಬ್ಬರನ್ನೂ ಕೇಳಿದೆ. ಉಳಿದವರನ್ನ ಹೊಲದಲ್ಲಿ, ಈರುಳ್ಳಿ ಸೊಪ್ಪು ಕೊಯ್ಯುವ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದೆ. ಸಣ್ಣಗೆ ಹನಿ ಬೀಳುತ್ತಿತ್ತು, ಹೊಲದವನು ಒಂದೇ ಸಮ ಅವಸರ ಮಾಡುತ್ತಿದ್ದ, ಕೈ ನಿಲ್ಲಿಸೋ ಹಾಗಿರಲಿಲ್ಲ. ನಾನೂ ಒಂದು ಕುಡುಗೋಲು ಹಿಡಿದೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತಾನೇ ಬಿಚ್ಚಿಕೊಳ್ಳುತ್ತೆ. ಯಾರ ಹೆಪ್ಪು, ಯಾರ ಸೂಜಿ, ಯಾರ ಮಗು ಯಾರ ಮನೆಯಲ್ಲಿ ಉಂಡು ಮಲಗುತ್ತೆ, ಎಲ್ಲ ಬಂತು. ಕಾಗದದಲ್ಲಿ ಜಾಗ ಸಾಲದೆ ಹಿಂದುಗಡೆ ಬರೆದೆ.

ಅಷ್ಟಕ್ಕೇ ಬಿಟ್ಟರೆ ಮುರಳಿ ಸಾರ್ ಇನ್ನೊಂದು ತಕರಾರು ತೆಗೀತಾರೆ ಅಂತ ಗೊತ್ತಿತ್ತು. ಅದಕ್ಕೇ ಶುಕ್ರವಾರ ಸಂಜೆ, ದೀಪ ಹಚ್ಚಿದ್ದನ್ನ ನೋಡಿಕೊಂಡೇ, ಮೇಲಿನ ಬೀದಿಗೆ ಹೋದೆ. ಮೊದಲನೇ ಮನೆ ಗಿರಿಜಮ್ಮನದು. ನಮ್ಮ ಚಿತ್ರದಲ್ಲಿ ಊರಿಗೇ ದೊಡ್ಡ ಚುಕ್ಕೆ ಅವರು. ಬೆಳಗಿನ ಫಾರಂನಲ್ಲಿ ಒಂಬತ್ತು ಮನೆ ಹೇಳಿದ್ದರು. ಅವೇ ಪ್ರಶ್ನೆ ಮತ್ತೆ ಕೇಳಿದೆ. ಗಿರಿಜಮ್ಮ ಗೂಡಿನ ಕಡೆ ಒಂದು ಸಲ ನೋಡಿ, ಸೆರಗು ಸರಿ ಮಾಡಿಕೊಂಡು, 'ನಮ್ಮನೆಯಿಂದ ಯಾರಿಗೂ ಏನೂ ಹೋಗಲ್ಲ ಕಣಮ್ಮ' ಅಂದರು. ನನಗೆ ಅವರ ಕಾಲಿಗೆ ಬೀಳೋಣ ಅನಿಸಿತು. ಮುಂದಿನ ಮನೆಗಳಲ್ಲೂ ಅದೇ ಮಾತು. ಗೌಡರ ಮನೆಯಾಕೆಯೂ ಸಂಜೆಯಾದರೆ ಒಂಟಿ ಚುಕ್ಕೆ.

ಶನಿವಾರ ಪೂರ್ತಿ ಲೆಕ್ಕ. ಈಗ ಎರಡೂ ಹೊತ್ತು ಉತ್ತರ ಕೊಟ್ಟ ಹೆಂಗಸರಿದ್ದರು, ಎರಡೂ ಬೀದಿಯವರು. ಒಬ್ಬೊಬ್ಬಳ ಎರಡು ಉತ್ತರದ ಮೇಲಿದ್ದ ಬೆಳಿಗ್ಗೆ, ಸಂಜೆ ಅನ್ನೋ ಚೀಟಿಗಳನ್ನ ಕಣ್ಣು ಮುಚ್ಚಿ ಅದಲುಬದಲು ಮಾಡು ಅಂತ ಲ್ಯಾಪ್‌ಟಾಪಿಗೆ ಹೇಳಿದೆ. ಸಾವಿರ ಸಲ ಮಾಡು ಅಂದೆ. ಹೊತ್ತಿಗೂ ಉತ್ತರಕ್ಕೂ ಸಂಬಂಧ ಇಲ್ಲದಿದ್ದರೆ, ನಮಗೆ ಸಿಕ್ಕಷ್ಟು ಅಂತರ ಆ ಸಾವಿರದಲ್ಲಿ ಆಗಾಗ ಬರಬೇಕು. ಒಂದು ಸಲವೂ ಬರಲಿಲ್ಲ. ಬೆಳಗಿನ ಉತ್ತರ ಇಟ್ಟು ಚಿತ್ರ ಬಿಡಿಸಿದರೆ ಪ್ಲಾಟಿನ ಗೆರೆಗಳ ನಡುವೆ ಕರಿಯಮ್ಮನ ಚುಕ್ಕೆಯೇ ಕಾಣಲಿಲ್ಲ, ಅಷ್ಟು ಒತ್ತು.

ಭಾನುವಾರ ಆಫೀಸಿಗೆ ಬಂದ ಮುರಳಿ ಸಾರ್ ಹೊಸ ಚಿತ್ರ ನೋಡಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಮೆತ್ತಗೆ ಹೇಳಿದರು. 'ಸರಿ, ಈ ಊರಿನ ಕೋಣೆ ಪ್ಲಾಟಿಗೇ ಕೊಡಿಸ್ತೀನಿ. ವಾಕ್ಯಾನೂ ತೆಗೀತೀನಿ. ಕಾರಣ ಮಾತ್ರ ಬರೀಬೇಡ. ಬರೆದರೆ ಹೊಸದುರ್ಗ, ಹೊಳಲ್ಕೆರೆ ಎಲ್ಲಾ ಊರಿನ ಲೆಕ್ಕಾನೂ ಬೀಳುತ್ತೆ.'

'ಬೀಳಲೇಬೇಕಲ್ಲ ಸಾರ್.'

'ನಿನ್ನ ಊರು ಸರಿ ಆಯ್ತಲ್ಲ, ಇನ್ನೇನು?'

'ಇದು ನನ್ನ ಊರಲ್ಲ. ನನ್ನ ಊರಲ್ಲಿ ನಮ್ಮವ್ವ ಇನ್ನೂ ಒಂಟಿ ಚುಕ್ಕೆ' ಅಂದೆ. ಅವರು ಅರ್ಥವಾಗದೆ ನೋಡಿದರು. ಬಿಡಿಸಿ ಹೇಳೋ ತಾಳ್ಮೆ ನನಗಿರಲಿಲ್ಲ.

ಸೋಮವಾರ ಚಿತ್ರದುರ್ಗದಲ್ಲಿ ಟ್ರಸ್ಟಿನ ಸಮಿತಿ ಕೂತಿತು. ನನ್ನನ್ನ ಯಾರೂ ಕರೆದಿರಲಿಲ್ಲ. ಕರಿಯಮ್ಮನ್ನ ಕರೆದುಕೊಂಡು ಹೋದೆ, ಒಂದು ದಿನದ ಕೂಲಿ ಬಿಟ್ಟು ಬಂದಳು ಪುಣ್ಯಾತ್ಗಿತ್ತಿ. ಸಮಿತಿಗೆ ಹಿರಿಯರು ಶಮೀಮ್ ಬಾನು ಅಂತ, ರಿಟೈರ್ಡ್ ಹೆಡ್ ಮೇಡಂ, ಕೋಟೆ ಕೆಳಗಿನ ಹಳೇ ಓಣಿಯವರು. ನಾನು ಒಪ್ಪದ್ದಕ್ಕೆ ಮುರಳಿ ಸಾರ್ ಪರದೆ ಮೇಲೆ ಹಳೇ ಚಿತ್ರವನ್ನೇ ಹಾಕಿ ಆ ಹಳೇ ವಾಕ್ಯವನ್ನೇ ಓದುತ್ತಿದ್ದರು. ಹಿಂದಿನ ಸಾಲಲ್ಲಿ ಕೂತಿದ್ದ ಕರಿಯಮ್ಮ, 'ಏನಂತೆ?' ಅಂತ ನನ್ನ ಕೇಳಿದಳು. 'ಪ್ಲಾಟಿನಾಗ ಯಾರಿಗೂ ಯಾರೂ ಇಲ್ಲ ಅಂತ' ಅಂದೆ. ಅವಳು ಎದ್ದು ನಿಂತಳು.

'ಯಾರ್ರೀ ಹಂಗಂದೋರು? ನನ್ನ ಸೊಸಿಗೆ ಹೆರಿಗೆ ನೋವು ಬಂದಾಗ ರಸ್ತಿಗೆ ಓಡಿ ಟೆಂಪೋ ನಿಲ್ಸಿದ್ದು ಪಕ್ಕದ ಮನಿಯಾಕಿ. ದೊಡ್ಡ ಮಗೀನ್ನ ಮೂರು ದಿನ ಉಣ್ಸಿದ್ದು ಎದುರು ಮನಿಯಾಕಿ. ಹೊಲ ಇಲ್ಲ, ಗಾಡಿ ಇಲ್ಲ, ಕೂಗಿದ್ರೆ ಬರೋ ಡಾಕ್ಟ್ರಿಲ್ಲ. ಯಾರೂ ಇಲ್ದೆ ಬದುಕೋ ಅನುಕೂಲ ನಮಗೆ ಎಲ್ಲೈತ್ರಿ?'

ಸಿಕ್ಕಿದ್ದೇ ಸಮಯ ಅಂತ ನಾನು ಎರಡನೇ ಚಿತ್ರ ಹಾಕಿಸಿದೆ, ಟೆಂಪೋದಿಂದ ಹಿಡಿದು ಗಿರಿಜಮ್ಮನ ತನಕ ಹೇಳಿದೆ. ಸಮಿತಿಯ ಒಬ್ಬರು, ಈ ಕಾಲದಲ್ಲಿ ದೀಪ ಗೀಪ ಅಂತ ಯಾರಮ್ಮ ನೋಡ್ತಾರೆ ಅಂದರು. ಶಮೀಮ್ ಮೇಡಂ ಕನ್ನಡಕ ತೆಗೆದು ಅವರ ಕಡೆ ತಿರುಗಿದರು. 'ನಮ್ಮನೇಲಿ ಸಂಜೆ ಮಗ್ರಿಬ್ ನಮಾಜ್ ಆದ ಮೇಲೆ ಉಪ್ಪು ಆಚೆ ಹೋಗಲ್ಲ. ನಿಮ್ಮನೇಲಿ ಹೋಗುತ್ತಾ? ಮನೆಗೆ ಹೋಗಿ ಕೇಳಿ, ಆಮೇಲೆ ಮಾತಾಡಿ.' ಆಮೇಲೆ ನನ್ನ ಕಡೆ ನೋಡಿ, 'ಈ ಟೈಮ್‌ಟೇಬಲ್ ಹಾಕಿದ್ದು ಯಾರು?' ಅಂದರು. ಮುರಳಿ ಸಾರ್ ಕಾಗದ ಜೋಡಿಸಿಕೊಳ್ಳೋಕೆ ಶುರು ಮಾಡಿದರು.

'ನಾನೇ ಮೇಡಂ. ಪ್ರಶ್ನೆ ಬರೆದೋಳೂ ನಾನೇ.'

ಮೂರೂ ತಾಲ್ಲೂಕಿನಲ್ಲಿ ಸಂಜೆ ಕೇಳಿದ್ದನ್ನೆಲ್ಲ ಬೆಳಿಗ್ಗೆ ಮತ್ತೆ ಕೇಳಬೇಕು ಅಂತ ತೀರ್ಮಾನ ಆಯಿತು. ಹಾಗೇ ಆಯಿತು. ಎರಡು ತಿಂಗಳು ಹಿಡಿಯಿತು. ಐಮಂಗಲದ ಒಳಗಿನ ಆ ಊರಿನ ಕೋಣೆ ಪ್ಲಾಟಿನಲ್ಲಿದೆ. ಗಿರಿಜಮ್ಮನೂ ಬಿ.ಪಿ. ನೋಡಿಸಿಕೊಳ್ಳೋಕೆ ಅಲ್ಲಿಗೇ ಬರುತ್ತಾರೆ. ಹೊಳಲ್ಕೆರೆ, ಹೊಸದುರ್ಗದಲ್ಲೂ ಎಷ್ಟೋ ಕೋಣೆಗಳು ಜಾಗ ಬದಲಾದವು, ಕೆಲವು ಇದ್ದಲ್ಲೇ ಉಳಿದವು. ಲೆಕ್ಕ ಹೇಳಿದ ಹಾಗೆ.

ವರದಿ ಅಚ್ಚಿಗೆ ಹೋಗುವ ಮುಂಚೆ ಮುರಳಿ ಸಾರ್ ನನ್ನನ್ನ ಕರೆದರು. ತಪ್ಪು ಹೇಗಾಯಿತು ಅಂತ ಕೊನೆಗೆ ಒಂದು ಪುಟ ನಾನು ಬರೆದಿದ್ದೆ, ನನ್ನನ್ನ ಕೇಳದೆ ಅದನ್ನ ಮುಟ್ಟಬಾರದು ಅಂತ ಶಮೀಮ್ ಮೇಡಂ ಹೇಳಿಟ್ಟಿದ್ದರು. 'ಈ ಪುಟದ ಬದಲು, ಕ್ಷೇತ್ರಕಾರ್ಯದಲ್ಲಿ ಕೆಲವು ತಾಂತ್ರಿಕ ತೊಂದರೆಗಳಾದವು ಅಂತ ಒಂದು ಸಾಲು ಹಾಕೋಣ. ನಿನಗೇ ಒಳ್ಳೇದು. ಮುಖಪುಟದಲ್ಲಿ ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಬರುತ್ತೆ, ಗುತ್ತಿಗೆ ಇನ್ನೂ ಮೂರು ವರ್ಷ. ಇಲ್ಲಾಂದ್ರೆ ಈ ತಿಂಗಳಿಗೆ ಮುಗೀತು' ಅಂದರು. ಬೆದರಿಕೆ ಹಾಕುವ ಧಾಟಿ ಇರಲಿಲ್ಲ, ನಿಜವಾಗಿಯೂ ನನ್ನ ಒಳ್ಳೇದಕ್ಕೇ ಹೇಳುತ್ತಿದ್ದರು ಅನಿಸುತ್ತೆ.

ತಾಂತ್ರಿಕ ತೊಂದರೆ ಅಂತೆ. ಅಷ್ಟೂ ಊರಿನ ಹೆಂಗಸರಿಗೆ ಯಾರೂ ಇಲ್ಲ ಅಂತ ಬರೆಯುವಾಗ ನೆಟ್ಟಗೆ ಕನ್ನಡದಲ್ಲಿ ಬರೆದಿರಿ, ಅವರ ಹೆಸರಲ್ಲೇ ಬರೆದಿರಿ. ತಪ್ಪು ನಮ್ಮದು ಅಂತಾದಾಗ ಮಾತ್ರ ಅದಕ್ಕೆ ಹೆಸರೇ ಬೇಡವೇ ಅಂತ ಕೇಳಿದೆ. ಆ ತಿಂಗಳ ಕೊನೆಗೆ ಮೇಜು ಖಾಲಿ ಮಾಡಿದೆ.

ಅಚ್ಚಾದ ವರದಿ ನನ್ನ ಹತ್ತಿರ ಇದೆ. ಮುಖಪುಟದಲ್ಲಿ ನಾನಿಲ್ಲ, ಒಳಗಿನ ಕೃತಜ್ಞತೆಯಲ್ಲೂ ಇಲ್ಲ. ಇಡೀ ಪುಸ್ತಕದಲ್ಲಿ ನನ್ನ ಹೆಸರು ಒಂದೇ ಕಡೆ ಬರುತ್ತೆ, ಕೊನೇ ಪುಟದ ಕೊನೇ ಸಾಲಿನಲ್ಲಿ: 'ಪ್ಲಾಟುಗಳ ಮಹಿಳೆಯರಿಗೆ ಒಡನಾಟವಿಲ್ಲವೆಂದು ನಾವು ಮೊದಲು ತಪ್ಪಾಗಿ ಬರೆದೆವು, ಅವರನ್ನು ಕೇಳಬಾರದ ಹೊತ್ತಿನಲ್ಲಿ ಕೇಳಿದವಳು ರತ್ನ.' ಆ ಒಂದು ಸಾಲನ್ನ ತೆಗೆಯೋಕೆ ನಾನು ಬಿಡಲಿಲ್ಲ.